ಷರ್ಲಾಕ್ ಹೋಮ್ಸ್ ಕಥೆಯನ್ನು ಶಿರಾ ಸೀಮೆಗೆ ತರುವುದು: ಪತ್ತೇದಾರಿ ಕಥೆಯನ್ನು ಟಿವಿ ಕಂತಾಗಿಸುವವರಿಗೆ ಸಮಗ್ರ ಮಾರ್ಗದರ್ಶಿ

ತುಮಕೂರು ಜಿಲ್ಲೆಯಲ್ಲಿ ನಾಟಕ ಕಟ್ಟುವ ತಂಡಗಳಿಗೆ ಬರವಿಲ್ಲ. ಗುಬ್ಬಿ ಕಂಪನಿ ಹುಟ್ಟಿದ ನೆಲ ಇದು. ಈಗ ಆ ತಂಡಗಳ ಕೈಯಲ್ಲಿ ಒಳ್ಳೆಯ ಕ್ಯಾಮೆರಾ ಇದೆ, ಎಡಿಟಿಂಗ್ ಕಲಿತ ಹುಡುಗರಿದ್ದಾರೆ, ಒಂದು ಗಂಟೆಯ ಕಂತು ಮಾಡುವ ಆಸೆಯೂ ಇದೆ. ಪತ್ತೇದಾರಿ ಕಥೆ ಮಾಡೋಣ ಎಂದು ಹೊರಟವರು ಮಾತ್ರ ಸಾಮಾನ್ಯವಾಗಿ ಒಂದೇ ಕಡೆ ಎಡವುತ್ತಾರೆ. ಕೊಲೆ, ಕತ್ತಲು, ಓವರ್‌ಕೋಟು ಎಲ್ಲ ತರುತ್ತಾರೆ, ಸುಳಿವುಗಳನ್ನು ಬಿಟ್ಟುಬರುತ್ತಾರೆ. ಹಳೆಯ ಪತ್ತೇದಾರಿ ಕಥೆಯ ಜೀವ ಇರುವುದು ಸುಳಿವುಗಳಲ್ಲಿ, ಅವು ಒಂದರ ಹಿಂದೆ ಒಂದು ಬರುವ ಕ್ರಮದಲ್ಲಿ. ಊರು, ಹೆಸರು, ಊಟ, ಬಟ್ಟೆ, ಭಾಷೆ ಎಲ್ಲವನ್ನೂ ಬದಲಿಸಬಹುದು. ಆ ಕ್ರಮವನ್ನು ಕೆಡಿಸಬಾರದು.

ಇದನ್ನು ಒಂದೇ ಕಥೆ ಹಿಡಿದು ಕೊನೆಯವರೆಗೆ ಮಾಡಿ ತೋರಿಸುತ್ತೇನೆ. ಕಥೆ ಪತ್ತೇದಾರ ಷರ್ಲಾಕ್ ಹೋಮ್ಸ್‌ನನ್ನು ಸೃಷ್ಟಿಸಿದ ಆರ್ಥರ್ ಕಾನನ್ ಡಾಯ್ಲ್ ಅವರ 'ಸಿಲ್ವರ್ ಬ್ಲೇಜ್', 1892ರ ಡಿಸೆಂಬರಿನಲ್ಲಿ 'ಸ್ಟ್ರಾಂಡ್' ಮಾಸಪತ್ರಿಕೆಯಲ್ಲಿ ಬಂದದ್ದು. ಮುಂದೆ ಅದರ ರಹಸ್ಯವನ್ನು ಪೂರ್ತಿ ಬಿಚ್ಚಿಡಬೇಕಾಗುತ್ತದೆ. ಓದಿಲ್ಲದವರು ಮೊದಲು ಓದಿಬನ್ನಿ. ಗಂಟೆಯೊಳಗೆ ಮುಗಿಯುವ ಕಥೆ, ಆ ಸುಖವನ್ನು ಕಳೆದುಕೊಳ್ಳಬೇಡಿ.

ಹಂತ 1: ಮುಟ್ಟಬಹುದಾದ ಕಥೆ ಆರಿಸಿ

ಭಾರತದ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಲೇಖಕ ತೀರಿಕೊಂಡ ವರ್ಷದ ಮುಂದಿನ ವರ್ಷದಿಂದ 60 ವರ್ಷ ಹಕ್ಕು ಉಳಿಯುತ್ತದೆ. ಡಾಯ್ಲ್ ತೀರಿಕೊಂಡದ್ದು 1930ರಲ್ಲಿ. ಹೋಮ್ಸ್‌ನ 4 ಕಾದಂಬರಿ, 56 ಕಥೆಗಳಲ್ಲಿ ಯಾವುದನ್ನಾದರೂ ಇಲ್ಲಿ ಯಾರ ಅಪ್ಪಣೆಯೂ ಇಲ್ಲದೆ ಎತ್ತಿಕೊಳ್ಳಬಹುದು. 1936ರಲ್ಲಿ ತೀರಿಕೊಂಡ ಚೆಸ್ಟರ್‌ಟನ್ ಅವರ ಫಾದರ್ ಬ್ರೌನ್ ಕಥೆಗಳೂ ಹಾಗೆಯೇ. ಅಗಾಥಾ ಕ್ರಿಸ್ಟಿ ತೀರಿಕೊಂಡದ್ದು 1976ರಲ್ಲಿ, ಆದ್ದರಿಂದ 2036ರ ಕೊನೆಯವರೆಗೆ ಅವರ ಕಥೆಗೆ ಕೈಹಾಕುವಂತಿಲ್ಲ. ಬಂಗಾಳಿ ಪತ್ತೇದಾರ ಬ್ಯೋಮಕೇಶ್ ಬಕ್ಷಿಯನ್ನು ಸೃಷ್ಟಿಸಿದ ಶರದಿಂದು ಬಂದ್ಯೋಪಾಧ್ಯಾಯ ತೀರಿಕೊಂಡದ್ದು 1970ರಲ್ಲಿ, ಅವರ ಕಥೆಗಳಿಗೆ 2030ರ ಕೊನೆಯವರೆಗೆ ಕಾಯಬೇಕು.

ಇಲ್ಲಿ ಎರಡು ಎಚ್ಚರ ಬೇಕು. ಮೂಲ ಕಥೆ ಮುಕ್ತವಾಗಿದ್ದರೂ ಅದರ ಕನ್ನಡ ಅನುವಾದಕ್ಕೆ ಅನುವಾದಕರ ಹಕ್ಕು ಬೇರೆಯಾಗಿ ಇರುತ್ತದೆ, ಅದರ ವಾಕ್ಯಗಳನ್ನು ಎತ್ತಬೇಡಿ. ಹಾಗೆಯೇ ಟಿವಿ ಸರಣಿಗಳು ತಾವಾಗಿ ಸೇರಿಸಿದ ದೃಶ್ಯ, ಪಾತ್ರ, ಮಾತು ಆ ಸರಣಿಗಳ ಸ್ವತ್ತು. ಮೂಲವನ್ನೇ ಮುಂದಿಟ್ಟುಕೊಂಡು ಕೆಲಸ ಮಾಡಿ.

ಸಣ್ಣ ಕಥೆ ಆರಿಸುವುದೇ ಮೇಲು. ಕಾದಂಬರಿಯನ್ನು ಒಂದು ಗಂಟೆಗೆ ಇಳಿಸಲು ಹೊರಟರೆ ಕತ್ತರಿ ಮೊದಲು ಬೀಳುವುದು ಸುಳಿವುಗಳ ಮೇಲೆ.

ಹಂತ 2: ಮೂರು ಸಲ ಓದಿ, ಮೂರನೆಯ ಸಲ ಅಪರಾಧಿಯ ಕಡೆಯಿಂದ

ಮೊದಲ ಓದು ಸಂತೋಷಕ್ಕೆ. ಎರಡನೆಯ ಸಲ ಪೆನ್ಸಿಲ್ ಹಿಡಿದು ಓದಿ, ಪ್ರತಿ ಸುಳಿವಿನ ಮುಂದೆ ಮೂರು ವಿಷಯ ಬರೆದುಕೊಳ್ಳಿ: ಅದು ಎಲ್ಲಿ ಕಾಣಿಸಿತು, ಆಗ ಓದುಗ ಏನೆಂದುಕೊಂಡ, ನಿಜದಲ್ಲಿ ಅದೇನು. ಮೂರನೆಯ ಸಲ ಪುಸ್ತಕ ಪಕ್ಕಕ್ಕಿಟ್ಟು, ಆ ರಾತ್ರಿ ನಿಜವಾಗಿ ನಡೆದದ್ದನ್ನು ಅಪರಾಧಿಯ ಹೆಜ್ಜೆ ಹಿಡಿದು ಗಂಟೆ ಗಂಟೆಗೂ ಬರೆಯಿರಿ.

'ಸಿಲ್ವರ್ ಬ್ಲೇಜ್' ಹೀಗೆ ಬಿಡಿಸಿಕೊಳ್ಳುತ್ತದೆ. ಇಂಗ್ಲೆಂಡಿನ ಡಾರ್ಟ್‌ಮೂರ್ ಬಯಲಿನಲ್ಲಿ ಕರ್ನಲ್ ರಾಸ್ ಅವರ ಲಾಯ. ದೊಡ್ಡ ಪಂದ್ಯಕ್ಕೆ ಕೆಲವೇ ದಿನ ಇರುವಾಗ ಹಣೆಯಲ್ಲಿ ಬಿಳಿ ಪಟ್ಟಿಯಿರುವ ಹೆಸರಾಂತ ಕುದುರೆ ರಾತ್ರೋರಾತ್ರಿ ಕಾಣೆಯಾಗುತ್ತದೆ. ತರಬೇತುದಾರ ಜಾನ್ ಸ್ಟ್ರೇಕರ್ ಬಯಲಿನಲ್ಲಿ ತಲೆಯೊಡೆದು ಸತ್ತು ಬಿದ್ದಿದ್ದಾನೆ. ಕಾವಲು ಹುಡುಗ ಅಫೀಮು ಬೆರೆತ ಮಾಂಸದ ಸಾರು ತಿಂದು ಮೈಮರೆತಿದ್ದ. ಸಂಜೆ ಅಲ್ಲಿ ಸುಳಿದಾಡಿದ ಅಪರಿಚಿತನ ಕೊರಳವಸ್ತ್ರ ಸತ್ತವನ ಕೈಯಲ್ಲಿ ಸಿಕ್ಕಿದೆ, ಪೊಲೀಸರು ಅವನನ್ನೇ ಹಿಡಿದಿದ್ದಾರೆ. ನಿಜ ಬೇರೆ. ಸ್ಟ್ರೇಕರ್‌ಗೆ ಗುಟ್ಟಿನ ಇನ್ನೊಂದು ಸಂಸಾರವಿತ್ತು, ಸಾಲವಿತ್ತು. ತನ್ನ ಕುದುರೆಯೇ ಸೋಲಬೇಕೆಂದು ಬಾಜಿ ಕಟ್ಟಿ, ಅದರ ಕಾಲಿನ ನರವನ್ನು ಸಣ್ಣಗೆ ಕೊಯ್ಯಲು ರಾತ್ರಿ ಬಯಲಿಗೆ ಹೊಡೆದುಕೊಂಡು ಹೋದ. ಬೆದರಿದ ಕುದುರೆ ಒದೆಯಿತು. ಕೊಂದದ್ದು ಕುದುರೆ.

ಇಷ್ಟಾದ ಮೇಲೆ ಮಾತ್ರ ಟಿವಿ ರೂಪ ನೋಡಿ. ಇಂಗ್ಲೆಂಡಿನ ಗ್ರಾನಡಾ ಸಂಸ್ಥೆ 1984ರಿಂದ 1994ರವರೆಗೆ ಜೆರೆಮಿ ಬ್ರೆಟ್ ಅವರನ್ನು ಹೋಮ್ಸ್ ಆಗಿಸಿ 41 ಕಂತು ಮಾಡಿತು. 'ಸಿಲ್ವರ್ ಬ್ಲೇಜ್' ಬಂದದ್ದು 1988ರಲ್ಲಿ, ಹೋಮ್ಸ್‌ನ ಜೊತೆಗಾರ ವಾಟ್ಸನ್ ಆಗಿದ್ದವರು ಎಡ್ವರ್ಡ್ ಹಾರ್ಡ್‌ವಿಕ್. ನಿಮ್ಮ ಪಟ್ಟಿ ಕೈಯಲ್ಲಿಟ್ಟುಕೊಂಡು ನೋಡುತ್ತಾ ಹೋಗಿ: ಯಾವ ಸುಳಿವು ಮಾತಾಗಿ ಉಳಿಯಿತು, ಯಾವುದು ಚಿತ್ರವಾಯಿತು, ಯಾವುದರ ಜಾಗ ಬದಲಾಯಿತು. ಪಟ್ಟಿ ಮಾಡುವ ಮೊದಲೇ ನೋಡಿದರೆ ಅವರ ಚಿತ್ರಗಳು ಕಣ್ಣಿಗೆ ಅಂಟಿಕೊಂಡು ನಿಮ್ಮ ಚಿತ್ರಗಳು ಹುಟ್ಟುವುದಿಲ್ಲ.

ಹಂತ 3: ಕಾಲ, ಊರು

ಈ ವಿಷಯದಲ್ಲಿ ದೊಡ್ಡ ಸರಣಿಗಳು ಬೇರೆ ಬೇರೆ ದಾರಿ ಹಿಡಿದಿವೆ. ಡೇವಿಡ್ ಸುಶೆ ಅಭಿನಯದ 'ಪೊಯ್ರೊ' 1989ರಿಂದ 2013ರವರೆಗೆ 70 ಕಂತು ಬಂತು. ಕ್ರಿಸ್ಟಿ ಆ ಕಥೆಗಳನ್ನು ಅರ್ಧ ಶತಮಾನದುದ್ದಕ್ಕೂ ಬರೆದಿದ್ದರೂ ಸರಣಿ ಬಹುಪಾಲು 1930ರ ದಶಕದಲ್ಲೇ ನಿಂತಿತು. 2010ರಲ್ಲಿ ಬಿಬಿಸಿ ಶುರುಮಾಡಿದ 'ಷರ್ಲಾಕ್' ಹೋಮ್ಸ್‌ನ ಕೈಗೆ ಮೊಬೈಲ್ ಕೊಟ್ಟು ಇಂದಿನ ಲಂಡನ್ನಿಗೆ ತಂದಿತು. ಅಲ್ಲಿಯೂ ಒಂದು ವಿವರ ಬದಲಾಗಲಿಲ್ಲ. 1887ರ ವಾಟ್ಸನ್ ಅಫ್ಘಾನಿಸ್ತಾನದ ಯುದ್ಧದಲ್ಲಿ ಗಾಯಗೊಂಡು ಬಂದ ಡಾಕ್ಟರು, 2010ರ ವಾಟ್ಸನ್ ಕೂಡ ಅದೇ. ಯಾವುದನ್ನು ಮುಟ್ಟಬೇಕಿಲ್ಲ ಎಂದು ಗೊತ್ತಾಗುವುದೂ ಈ ಕೆಲಸದ ಒಂದು ಭಾಗ.

ನಮ್ಮ ಕಂತಿಗೆ 1980ರ ದಶಕದ ನಡುಭಾಗ ಸರಿ ಎನ್ನುತ್ತೇನೆ. ಇಂದಿನ ಕಾಲಕ್ಕೆ ತಂದರೆ ಮೊಬೈಲ್ ಟವರ್ ಲೊಕೇಶನ್ ಒಂದೇ ಅರ್ಧ ಕಥೆಯನ್ನು ಬಿಡಿಸಿಬಿಡುತ್ತದೆ. ತೀರ ಹಿಂದಕ್ಕೆ ಹೋದರೆ ಬಟ್ಟೆ, ಗಾಡಿ, ಮನೆಗಳ ಖರ್ಚು ಸಣ್ಣ ತಂಡಕ್ಕೆ ಭಾರ. 80ರ ದಶಕದ ಹಳ್ಳಿಗೆ ಹೆಂಚಿನ ಮನೆ, ಸೈಕಲ್, ಲಾಟೀನು, ಟೆಲಿಗ್ರಾಂ ಸಾಕು.

ಡಾರ್ಟ್‌ಮೂರ್‌ನ ಬಟ್ಟಬಯಲಿಗೆ ನಮ್ಮಲ್ಲಿ ಒಪ್ಪುವುದು ಶಿರಾ, ಮಧುಗಿರಿ, ಪಾವಗಡದ ಕಡೆಯ ಒಣಸೀಮೆ. ಕಲ್ಲುಬಂಡೆ, ಜಾಲಿ, ಕುರಿಮಂದೆ, ದೂರದಲ್ಲೊಂದು ಬೆಟ್ಟ. ಕೂಗಿದರೆ ಕೇಳುವವರಿಲ್ಲದ ಬಯಲು ಈ ಕಥೆಗೆ ಬೇಕೇಬೇಕು. ತಿಪಟೂರಿನ ತೆಂಗಿನ ತೋಟ ಎಷ್ಟೇ ಚೆಂದವಿದ್ದರೂ ಈ ಕಥೆಗಲ್ಲ, ಅಲ್ಲಿ ಪ್ರತಿ ತೋಟದಲ್ಲೂ ಒಂದು ಮನೆಯಿರುತ್ತದೆ. ಪಾವಗಡಕ್ಕೆ ಹೋದರೆ ಕ್ಯಾಮೆರಾ ಎತ್ತ ತಿರುಗಿದೆ ನೋಡಿಕೊಳ್ಳಿ. ತಿರುಮಣಿ ಸುತ್ತಮುತ್ತ ಸುಮಾರು 13,000 ಎಕರೆಯಲ್ಲಿ ಹರಡಿರುವ ಸೋಲಾರ್ ಪಾರ್ಕಿನ ಒಂದು ಅಂಚು ಚೌಕಟ್ಟಿನೊಳಗೆ ಬಂದರೂ ನಿಮ್ಮ 80ರ ದಶಕ ಮುಗಿಯಿತು.

ಹಂತ 4: ಪ್ರತಿ ಸುಳಿವಿಗೂ ಇಲ್ಲಿಯ ದೇಹ ಕೊಡಿ

ಇಡೀ ಕೆಲಸದ ಹೃದಯ ಇದು. ಬೇರೆಲ್ಲ ಹಂತಕ್ಕಿಂತ ಹೆಚ್ಚು ಸಮಯ ಇಲ್ಲಿಗೆ ಇಡಿ. ವಸ್ತುವಿಗೆ ವಸ್ತು ಹುಡುಕಬೇಡಿ, ಆ ವಸ್ತು ಕಥೆಯಲ್ಲಿ ಮಾಡುವ ಕೆಲಸಕ್ಕೆ ಸಾಟಿ ಹುಡುಕಿ.

ಮೊದಲು ಕುದುರೆ. ನಮ್ಮಲ್ಲಿ ಊರಿಗೆ ಊರೇ ಹೆಸರು ಹಿಡಿದು ಮಾತಾಡುವ ಪ್ರಾಣಿ ಹಳ್ಳಿಕಾರ್ ಎತ್ತು. ತುಮಕೂರು ಆ ತಳಿಯ ಸೀಮೆಗಳಲ್ಲೊಂದು. ಶಿವರಾತ್ರಿಯ ಹೊತ್ತಿಗೆ ಸಿದ್ಧಗಂಗೆಯ ದನಗಳ ಜಾತ್ರೆಗೆ ಹೋದವರಿಗೆ ಒಂದು ಜೋಡಿ ಎತ್ತಿನ ಸುತ್ತ ಎಂಥ ಮಾತು, ಎಂಥ ಅಭಿಮಾನ ಬೆಳೆಯುತ್ತದೆ ಎಂದು ಹೇಳಬೇಕಿಲ್ಲ. ಪಂದ್ಯದ ಜಾಗಕ್ಕೆ ಎತ್ತಿನಗಾಡಿ ಓಟ. ಕರ್ನಲ್ ರಾಸ್ ಜಾಗಕ್ಕೆ ಊರ ಗೌಡರು, ಸ್ಟ್ರೇಕರ್ ಜಾಗಕ್ಕೆ ಅವರ ಎತ್ತುಗಳನ್ನು ಪಳಗಿಸುವ ನಂಬಿಕೆಯ ಆಳು.

ಆದರೆ ಕುದುರೆಯಂತೆ ಎತ್ತು ಒದೆಯುವುದಿಲ್ಲ. ಕುದುರೆ ನೇರ ಹಿಂದಕ್ಕೆ ಒದೆಯುತ್ತದೆ. ದನ ಕಾಲನ್ನು ಮುಂದಕ್ಕೆ ತಂದು ಪಕ್ಕಕ್ಕೆ ಬೀಸಿ ಒದೆಯುತ್ತದೆ. ಹಳ್ಳಿಯ ನೋಡುಗರಿಗೆ ಇದು ಬಾಯಿಪಾಠ. ಎತ್ತಿನ ನೇರ ಹಿಂದೆ ಕೂತವನು ಒದೆ ತಿಂದ ಎಂದರೆ ಅಲ್ಲಿಗೇ ನಂಬಿಕೆ ಹೋಗುತ್ತದೆ. ಅವನನ್ನು ಪಕ್ಕೆಯ ಕಡೆ, ಹಿಂಗಾಲಿನ ಬಳಿ ಕೂರಿಸಿ. ಕೊಂಬಿನಿಂದ ಇರಿಯಿತು ಎಂದು ಬರೆದರೆ ಗಾಯ ನೋಡಿದ ಕೂಡಲೇ ಯಾರಿಗಾದರೂ ಗೊತ್ತಾಗುತ್ತದೆ, ರಹಸ್ಯವೇ ಇರದು. ನನ್ನ ಸಲಹೆ ಇದು: ಒದೆ ಬಿದ್ದು ಅವನು ಹಿಂದಕ್ಕೆ ಮಗುಚಿ ಕಲ್ಲುಬಂಡೆಗೆ ತಲೆ ಬಡಿಯಲಿ. ಗಾಯ ನೋಡಿದ ಪೊಲೀಸರು ದೊಣ್ಣೆಯೇಟು ಅಂದುಕೊಳ್ಳುತ್ತಾರೆ. ಬಂಡೆಯಂತೂ ಆ ಸೀಮೆಯಲ್ಲಿ ಹೆಜ್ಜೆಗೊಂದು, ಅದರ ಕಡೆ ಯಾರೂ ತಿರುಗಿ ನೋಡುವುದಿಲ್ಲ.

ಬಿಳಿ ಪಟ್ಟಿ ಮರೆಸುವುದು. ಮೂಲದಲ್ಲಿ ಪಕ್ಕದ ಲಾಯದವನು ದಾರಿತಪ್ಪಿ ಬಂದ ಕುದುರೆಗೆ ಬಣ್ಣ ಬಳಿದು ತನ್ನ ಕುದುರೆಗಳ ನಡುವೆಯೇ ನಿಲ್ಲಿಸಿಕೊಳ್ಳುತ್ತಾನೆ. ನಮ್ಮಲ್ಲಿ ಇದಕ್ಕೆ ಸಂಕ್ರಾಂತಿ ಇದೆ. ಹಬ್ಬಕ್ಕೆ ದನಗಳ ಮೈತೊಳೆದು, ಅರಿಶಿನ ಬಳಿದು, ಕೊಂಬಿಗೆ ಬಣ್ಣ ಹಚ್ಚಿ ಕಿಚ್ಚು ಹಾಯಿಸುತ್ತಾರೆ. ಕಥೆ ಸಂಕ್ರಾಂತಿ ಕಳೆದ ಮೂರನೆಯ ದಿನ ಶುರುವಾಗಲಿ. ಊರಿನ ಎತ್ತುಗಳೆಲ್ಲ ಇನ್ನೂ ಹಳದಿಯಾಗಿಯೇ ಇರುತ್ತವೆ. ಗೌಡರ ಎತ್ತಿನ ಹಣೆಯ ಬಿಳಿ ಮಚ್ಚೆ ಮಾತ್ರ ಹಬ್ಬದ ದಿನವೂ ಬಿಳಿಯಾಗಿಯೇ ಇತ್ತು, ಗೌಡರು ಅಭಿಮಾನಕ್ಕೆ ಅಲ್ಲಿ ಅರಿಶಿನ ಹಚ್ಚಲು ಬಿಟ್ಟಿರಲಿಲ್ಲ. ಈಗ ಪಕ್ಕದೂರಿನವನು ಅಂಗೈಯಗಲ ಅರಿಶಿನ ಹಚ್ಚಿದರೆ ಸಾಕು, ಎತ್ತು ನಡುಬೀದಿಯಲ್ಲಿ ನಿಂತಿದ್ದರೂ ಯಾರಿಗೂ ಗುರುತು ಹತ್ತುವುದಿಲ್ಲ. ಪತ್ತೇದಾರ ಆ ಬೀದಿಯಲ್ಲಿ ನಡೆದು ಹೋಗುವ ದೃಶ್ಯದಲ್ಲೇ ಎತ್ತನ್ನು ನೋಡುಗರಿಗೂ ಒಮ್ಮೆ ತೋರಿಸಿಬಿಡಿ. ಕೊನೆಗೆ ಒದ್ದೆ ಬಟ್ಟೆಯಿಂದ ಹಣೆ ಒರೆಸಿದಾಗ ಅವರಿಗೆ ಆಗುವ ಸಂತೋಷಕ್ಕೆ ಬೇರೆ ಸಾಟಿಯಿಲ್ಲ.

ಊಟದ ಸುಳಿವು ಇನ್ನೂ ನಾಜೂಕಿನದು. ಅಫೀಮಿನ ರುಚಿ ಮರೆಯಾಗಲು ಮಸಾಲೆ ಜೋರಾಗಿರುವ ಸಾರು ಬೇಕು. ಆ ರಾತ್ರಿ ಅದೇ ಸಾರು ಆಗುವಂತೆ ಮಾಡಬಲ್ಲವನು ಮನೆಯವನೇ ಹೊರತು ದಾರಿಹೋಕ ಅಲ್ಲ. ಹೋಮ್ಸ್‌ನ ತರ್ಕ ಇಷ್ಟು. ಬಾಡೆಸರು ಅಂದಕೂಡಲೇ ನಮಗೆ ಸುಲಭವೆನಿಸುತ್ತದೆ, ಆದರೆ ದಿನ ನೋಡಿ ಇಡಬೇಕು. ಹಬ್ಬದ ಮಾರನೆಯ ದಿನ ಇಟ್ಟರೆ ಇವತ್ತು ಬಾಡು ಬೇಯುತ್ತದೆ ಎಂದು ಹೊರಗಿನವನೂ ಊಹಿಸಬಲ್ಲ, ತರ್ಕ ಮುರಿಯುತ್ತದೆ. ಸೋಮವಾರವೋ ಶನಿವಾರವೋ ಇಟ್ಟರೆ ವಾರ ಮಾಡುವ ಮನೆಯಲ್ಲಿ ಬಾಡೇಕೆ ಎಂದು ನೋಡುಗ ಆಗಲೇ ಎಚ್ಚರಗೊಳ್ಳುತ್ತಾನೆ. ಆದ್ದರಿಂದ ಸಾಧಾರಣ ಬುಧವಾರ ಇರಲಿ. ಜನವರಿ ಅವರೆಕಾಯಿ ಕಾಲ, ಎತ್ತು ಪಳಗಿಸುವ ಆಳಿನ ಮನೆಯಲ್ಲಿ ಅವನ ಹೆಂಡತಿ ಲಕ್ಕಮ್ಮ ಹಿತಕಬೇಳೆ ಸಾರಿಗೆ ತಯಾರಿ ನಡೆಸಿರಲಿ:

ದೃಶ್ಯ 4. ಜಗುಲಿ. ಸಂಜೆ.
(ಲಕ್ಕಮ್ಮ, ಮಗಳು ನೆನೆದ ಅವರೆಕಾಳು ಹಿತುಕುತ್ತಿದ್ದಾರೆ. ಗಂಡ ಸೈಕಲ್ ನಿಲ್ಲಿಸಿ ಮುತ್ತುಗದೆಲೆಯ ಪೊಟ್ಟಣ ಚಾಚುತ್ತಾನೆ.)
ಲಕ್ಕಮ್ಮ: ಇದೇನ್ ಇವತ್ತು? ಕಾಳೆಲ್ಲ ಹಿತುಕಾಯ್ತು, ಸಾರಿಗೆ ಹಾಕೋದೊಂದೇ ಬಾಕಿ.
ಗಂಡ: ಅದು ನಾಳಿಕಾಯ್ತದೆ ಬುಡು. ಓಟ ಹತ್ರ ಬಂತು. ಪಾಪ, ಆ ಹುಡ್ಗ ರಾತ್ರಿಯೆಲ್ಲ ಚಳೀಲಿ ಎತ್ತು ಕಾಯ್ತಾನೆ. ಅವನ ಹೊಟ್ಟೆಗೂ ಒಂದಿಷ್ಟು ಬಾಡು ಬೀಳ್ಲಿ.
ಮಗಳು: ಅಪ್ಪಾ, ಬೇಳೆ ಒಣಗೋಯ್ತವೆ.
ಗಂಡ: ನೀರಲ್ಲಿ ಹಾಕಿಡವ್ವ.

ನೋಡುಗನಿಗೆ ಇದು ಒಳ್ಳೆಯ ಯಜಮಾನನ ಕರುಣೆಯಾಗಿ ಕಾಣುತ್ತದೆ. ಮರುದಿನ ಸಾವಿನ ಮನೆಯ ಗದ್ದಲದ ನಡುವೆ ಆ ಬೇಳೆಯ ಪಾತ್ರೆ ಹಾಗೇ ಕೂತಿರುವುದನ್ನು ಮಾತಿಲ್ಲದೆ ತೋರಿಸಿ. ಪತ್ತೇದಾರ ಲಕ್ಕಮ್ಮನನ್ನು ಕೇಳುವುದು ಒಂದೇ ಪ್ರಶ್ನೆ: "ಬೇಳೆ ಯಾವಾಗ ಹಿತುಕಿದ್ದು ತಾಯಿ?"

ಕುಂಟುವ ಕುರಿಗಳನ್ನು ಬದಲಿಸುವ ಅಗತ್ಯವೇ ಇಲ್ಲ. ಸ್ಟ್ರೇಕರ್ ಆ ನಾಜೂಕಾದ ಕೊಯ್ತವನ್ನು ಮೊದಲು ಕುರಿಗಳ ಮೇಲೆ ಅಭ್ಯಾಸ ಮಾಡಿದ್ದ, ಮಂದೆಯಲ್ಲಿ ಮೂರು ಕುರಿ ಕುಂಟುತ್ತಿದ್ದವು. ಕುರಿ ಸಾಕಣೆಗೆ ಹೆಸರಾದ ಶಿರಾ ಸೀಮೆಯಲ್ಲಿ ಈ ಸುಳಿವು ಮನೆಗೆ ಬಂದಂತೆ. ಕುರಿಗಾಹಿ ಮಾತು ಮಾತಿನಲ್ಲಿ "ಮೂರು ಕುರಿ ಕುಂಟ್ತವೆ ಸಾಮಿ, ಜಾಲಿಮುಳ್ಳು ಇರ್ಬೇಕು" ಎಂದರೆ ಸಾಕು. ಕಾರಣವನ್ನು ಅವನೇ ಹೇಳಿಬಿಟ್ಟನಲ್ಲ, ನೋಡುಗ ಇನ್ನು ಕಾರಣ ಹುಡುಕುವುದಿಲ್ಲ. ಸುಳಿವನ್ನು ಎದುರಿಗೇ ಇಟ್ಟು ಮರೆಮಾಡುವ ಉಪಾಯಗಳಲ್ಲಿ ನನಗೆ ಬಹಳ ಪ್ರಿಯವಾದದ್ದು ಇದು.

ಹೆಜ್ಜೆಗುರುತು. ಎತ್ತಿನ ಗೊರಸು ಎರಡು ಸೀಳು, ಲಾಳವೂ ಎರಡು ತುಂಡು. ಒಂದು ಕಾಲಿನಲ್ಲಿ ಒಂದು ತುಂಡು ಬಿದ್ದುಹೋಗಿದೆ ಎಂದು ಮೊದಲೇ ತೋರಿಸಿದರೆ ಆ ಜಾಡು ಬೇರೆ ಜಾಡಿನೊಳಗೆ ಕಲೆಯುವುದಿಲ್ಲ. ಜನವರಿಯ ಕೆಮ್ಮಣ್ಣು ಒಣಗಿ ಗಟ್ಟಿಯಾಗಿರುತ್ತದೆ, ಅಲ್ಲಿ ಗುರುತು ಮೂಡದು. ಜಾಡನ್ನು ನೀರು ಹಿಂದೆ ಸರಿದ ಕೆರೆಯಂಗಳದ ಹಸಿಮಣ್ಣಿನ ಮೇಲೆ ಹಾಯಿಸಿ.

ಉಳಿದವು ಬೇಗ ಆಗುತ್ತವೆ. ಕೊರಳವಸ್ತ್ರದ ಜಾಗಕ್ಕೆ ಮಫ್ಲರ್, ಚಳಿಗಾಲದಲ್ಲಿ ಸಹಜ. ದುಬಾರಿ ಉಡುಪಿನ ಬಿಲ್ಲಿಗೆ ಬೆಂಗಳೂರಿನ ಅಂಗಡಿಯ ರೇಷ್ಮೆ ಸೀರೆ ರಸೀದಿ, ಬೇರೊಬ್ಬನ ಹೆಸರಿನಲ್ಲಿ. ಬಯಲಿನಲ್ಲಿ ಸಿಕ್ಕಿದ ಬೆಂಕಿಕಡ್ಡಿ ಹಾಗೇ ಇರಲಿ. ಟಾರ್ಚ್ ಇರುವಾಗ ಮೇಣದಬತ್ತಿ ಏಕೆ ಎಂಬ ಪ್ರಶ್ನೆಗೆ ಉತ್ತರವೂ ಒಂದು ಸುಳಿವೇ: ಅವನಿಗೆ ಎರಡು ಕೈಯೂ ಖಾಲಿ ಬೇಕಿತ್ತು.

ಇನ್ನು ನಾಯಿ. ರಾತ್ರಿ ಎತ್ತನ್ನು ಹೊಡೆದುಕೊಂಡು ಹೋದರೂ ಕೊಟ್ಟಿಗೆಯ ನಾಯಿ ಬೊಗಳಲಿಲ್ಲ, ಆದ್ದರಿಂದ ಬಂದವನು ಅದಕ್ಕೆ ಗೊತ್ತಿದ್ದವನು. ಪತ್ತೇದಾರಿ ಸಾಹಿತ್ಯದಲ್ಲಿ ಬಹುಶಃ ಅತಿ ಹೆಚ್ಚು ಜನ ನೆನೆಯುವ ಸುಳಿವು ಇದು. ಪುಟದ ಮೇಲೆ ಒಂದು ಚುರುಕು ಸಂಭಾಷಣೆಯಲ್ಲಿ ಬಂದುಹೋಗುತ್ತದೆ. ಟಿವಿಯಲ್ಲಿ ನಡೆಯದೇ ಇದ್ದುದನ್ನು ತೋರಿಸುವುದು ಹೇಗೆ? ಕಿವಿಯಿಂದ. ಮೊದಲ ಹದಿನೈದು ನಿಮಿಷದಲ್ಲಿ ಆ ನಾಯಿ ಎಲ್ಲರಿಗೂ ಬೊಗಳಲಿ: ಅಂಚೆಯಣ್ಣನಿಗೆ, ಮಫ್ಲರಿನ ಅಪರಿಚಿತನಿಗೆ, ಪತ್ತೇದಾರನಿಗೆ. ಆಮೇಲೆ ಆ ರಾತ್ರಿಯ ದೃಶ್ಯದಲ್ಲಿ ಜೀರುಂಡೆ, ಎತ್ತಿನ ಕೊರಳ ಗಂಟೆ, ದೂರದ ಬಸ್ಸು ಇಷ್ಟೇ ಕೇಳಲಿ. ಆ ಮೌನಕ್ಕೆ ಹಿನ್ನೆಲೆ ಸಂಗೀತ ಹಾಕಲೇಬೇಡಿ.

ಹಂತ 5: ಪತ್ತೇದಾರ, ಅವನ ಜೊತೆಗಾರ

ದೂರದರ್ಶನದಲ್ಲಿ 1993ರಲ್ಲಿ ಶುರುವಾದ ಬಾಸು ಚಟರ್ಜಿ ನಿರ್ದೇಶನದ 'ಬ್ಯೋಮಕೇಶ್ ಬಕ್ಷಿ'ಯನ್ನು ಹುಡುಕಿ ನೋಡಿ. ರಜಿತ್ ಕಪೂರ್ ಧೋತಿಯುಟ್ಟು ತಣ್ಣಗೆ ಕೂತು ಪ್ರಶ್ನೆ ಕೇಳುತ್ತಾರೆ, ಅಷ್ಟರಲ್ಲೇ ಬುದ್ಧಿಯ ಚುರುಕು ಕಾಣುತ್ತದೆ. ಕೆ.ಕೆ. ರೈನಾ ಅವರ ಅಜಿತ್ ಜೊತೆಗಿನ ಸ್ನೇಹವೇ ಕಥೆಗೆ ಮನೆಯ ವಾತಾವರಣ ಕೊಡುತ್ತದೆ. ಭಾರತದ ಪತ್ತೇದಾರನಿಗೆ ಪೈಪು, ಟೋಪಿ ಬೇಕಿಲ್ಲ ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಡ.

ನಮ್ಮವನು ನಿವೃತ್ತ ಭೂಮಾಪಕ ಶಾಮಣ್ಣ ಆಗಲಿ. ಮೂವತ್ತು ವರ್ಷ ನೆಲ ಅಳೆದವನಿಗೆ ನೆಲ ಓದಲು ಬರುತ್ತದೆ, ಹಳ್ಳಿಯವರು ಅವನನ್ನು ಒಳಗೆ ಬಿಟ್ಟುಕೊಳ್ಳುತ್ತಾರೆ, ಯಾರ ಜಮೀನಿಗೂ ಕಾಲಿಡಲು ಅವನಿಗೆ ಸಂಕೋಚವಿಲ್ಲ. ಮೂಲದಲ್ಲಿ ಹೋಮ್ಸ್ ರೈಲಿನ ಕಿಟಕಿಯಿಂದ 60 ಗಜಕ್ಕೊಂದರಂತೆ ನೆಟ್ಟ ತಂತಿ ಕಂಬಗಳನ್ನು ಎಣಿಸಿ ವೇಗ ಗಂಟೆಗೆ ಐವತ್ಮೂರೂವರೆ ಮೈಲಿ ಎನ್ನುತ್ತಾನೆ. ಶಾಮಣ್ಣ ಶಿರಾ ಬಸ್ಸಿನಲ್ಲಿ ಕೂತು ಒಂದು ಕಿಲೋಮೀಟರ್ ಕಲ್ಲಿನಿಂದ ಮುಂದಿನ ಕಲ್ಲಿಗೆ 72 ಸೆಕೆಂಡು ಎಣಿಸಿ "ಐವತ್ತರಲ್ಲಿ ಹೋಗ್ತಿದ್ದಾನೆ" ಎಂದರೆ ಅವನು ಎಂಥ ಮನುಷ್ಯ ಎಂದು ನೋಡುಗರಿಗೆ ತಿಳಿಯುತ್ತದೆ. ಲೆಕ್ಕ ಸರಿಯಿರಲಿ, ಮನೆಯಲ್ಲಿ ಯಾರಾದರೂ ಮಾಡಿಯೇ ನೋಡುತ್ತಾರೆ.

ವಾಟ್ಸನ್ ಡಾಕ್ಟರಲ್ಲವೇ, ನಾವು ಪಶುವೈದ್ಯರನ್ನು ಮಾಡೋಣ ಎಂಬ ಯೋಚನೆ ಬರುತ್ತದೆ. ಬೇಡ. ಪಶುವೈದ್ಯರು ಕುಂಟುವ ಕುರಿ ನೋಡಿದ ಗಳಿಗೆಯಲ್ಲೇ ಕಥೆ ಮುಗಿಸಿಬಿಡುತ್ತಾರೆ. ಜೊತೆಗಾರನಿಗೆ ಗೊತ್ತಿರುವುದು ನೋಡುಗನಿಗಿಂತ ಒಂದು ತೂಕ ಕಡಿಮೆಯಿರಬೇಕು. ತುಮಕೂರಿನ ಕಾಲೇಜೊಂದರ ಇಂಗ್ಲಿಷ್ ಮೇಷ್ಟ್ರು ಸಾಕು, ಶಾಮಣ್ಣನಿಗೆ ದೂರದ ನೆಂಟ. 'ಪೊಯ್ರೊ' ಸರಣಿಯವರು ಮೂಲ ಕಥೆಯಲ್ಲಿ ಇಲ್ಲದ ಕಡೆಯೂ ಪೊಯ್ರೊನ ಸಂಗಡಿಗರಾದ ಹೇಸ್ಟಿಂಗ್ಸ್, ಇನ್‌ಸ್ಪೆಕ್ಟರ್ ಜಾಪ್, ಮಿಸ್ ಲೆಮನ್ ಅವರನ್ನು ತಂದು ಸೇರಿಸಿದ್ದು ಸುಮ್ಮನೆ ಅಲ್ಲ. ಪುಟದ ಮೇಲೆ ಪತ್ತೇದಾರ ಯೋಚಿಸಬಹುದು, ಪರದೆಯ ಮೇಲೆ ಅವನಿಗೆ ಮಾತಾಡಲು ಒಬ್ಬರು ಬೇಕು.

ಹಂತ 6: ನಿಮಿಷಗಳ ಲೆಕ್ಕ

ನಮ್ಮ ಟಿವಿ ನಿಯಮದಲ್ಲಿ ಗಂಟೆಗೆ 12 ನಿಮಿಷಕ್ಕಿಂತ ಹೆಚ್ಚು ಜಾಹೀರಾತು ಹಾಕುವಂತಿಲ್ಲ. ಒಂದು ಗಂಟೆಯ ಸ್ಲಾಟ್ ಎಂದರೆ 48 ನಿಮಿಷ ಕಥೆ ಎಂದುಕೊಳ್ಳಿ. ಸ್ಕ್ರಿಪ್ಟಿನ ಒಂದು ಪುಟಕ್ಕೆ ಸುಮಾರು ಒಂದು ನಿಮಿಷ. ನಾಲ್ಕು ಭಾಗ ಮಾಡಿ. ಮೊದಲ ಭಾಗದ ಕೊನೆಗೆ ಹೆಣ ಸಿಗಲಿ. ಎರಡನೆಯದರ ಕೊನೆಗೆ ಅಪರಿಚಿತನ ವಿರುದ್ಧದ ಸಾಕ್ಷ್ಯ ಪೂರ್ತಿ ಗಟ್ಟಿಯಾಗಲಿ. ಮೂರನೆಯದರ ಕೊನೆಗೆ ಶಾಮಣ್ಣ "ಎತ್ತು ಬದುಕೈತೆ, ಓಟಕ್ಕೆ ಬರ್ತದೆ" ಎಂದಷ್ಟೇ ಹೇಳಿ ಎದ್ದುಹೋಗಲಿ.

ಬಿಡಿಸಿ ಹೇಳುವ ದೃಶ್ಯಕ್ಕೆ ಎಂಟು ನಿಮಿಷ ಮೀರಬೇಡಿ. ಅಲ್ಲಿ ಮರುಕಳಿಸುವ ಹಿಂದಿನ ಚಿತ್ರಗಳೆಲ್ಲ ನೋಡುಗ ಆಗಲೇ ಒಮ್ಮೆ ಕಂಡ ಚಿತ್ರಗಳೇ ಆಗಿರಬೇಕು: ಬೇಳೆಯ ಪಾತ್ರೆ, ಕುಂಟುವ ಕುರಿ, ಹಳದಿ ಎತ್ತು. ಕೊನೆಯಲ್ಲಿ ಹೊಸ ಸುಳಿವು ತರುವುದು ನೋಡುಗನಿಗೆ ಮಾಡುವ ಮೋಸ. ಒಬ್ಬ ಪಾತ್ರ ಸುಳ್ಳು ಹೇಳಬಹುದು, ಕ್ಯಾಮೆರಾ ತಾನಾಗಿ ಸುಳ್ಳು ತೋರಿಸಬಾರದು.

ಹಂತ 7: ಮಾತು

ಗೌಡರು, ಕುರಿಗಾಹಿ, ಇನ್‌ಸ್ಪೆಕ್ಟರ್, ಮೇಷ್ಟ್ರು ಒಂದೇ ಕನ್ನಡ ಆಡಬಾರದು. ಶಿರಾ ಕಡೆಯ "ಐತೆ", "ಬತ್ತೀನಿ", "ಬುಡು" ಊರವರ ಬಾಯಲ್ಲಿರಲಿ, ಪಾವಗಡದ ಪಾತ್ರವಿದ್ದರೆ ಕನ್ನಡದ ನಡುವೆ ತೆಲುಗು ಸಹಜವಾಗಿ ಬರಲಿ. ಮೇಷ್ಟ್ರು ಗ್ರಾಂಥಿಕಕ್ಕೆ ಹತ್ತಿರ. ಶಾಮಣ್ಣ ಮಾತ್ರ ಎದುರಿಗಿರುವವರ ಮಾತಿಗೆ ತಕ್ಕ ಹಾಗೆ ಬದಲಾಗುತ್ತಾನೆ, ನೌಕರಿ ಅವನಿಗೆ ಅದನ್ನು ಕಲಿಸಿದೆ. ಹಳ್ಳಿ ಮಾತನ್ನು ನಗಿಸಲು ಬಳಸುವುದನ್ನು ಕೈಬಿಡಿ. ಈ ಕಥೆಯಲ್ಲಿ ನಿಜ ಗೊತ್ತಿರುವುದೆಲ್ಲ ಹಳ್ಳಿಯವರಿಗೇ.

ಹಂತ 8: ಸುಳಿವಿನ ಮೇಲೆ ಕೈ ಇಡಬೇಡಿ

ಧಾರಾವಾಹಿ ನೋಡಿ ಬೆಳೆದ ನಮಗೆಲ್ಲ ಒಂದು ಅಭ್ಯಾಸ ಹತ್ತಿದೆ. ಮುಖ್ಯವಾದದ್ದು ಬಂದರೆ ಮೂರು ಸಲ ಝೂಮ್, ಒಂದು ಗುಡುಗಿನ ಸದ್ದು. ಕುಟುಂಬದ ಕಥೆಗೆ ಅದು ನಡೆಯಬಹುದು, ಪತ್ತೇದಾರಿ ಕಥೆಯನ್ನು ಕೊಲ್ಲುತ್ತದೆ. ಬೇಳೆಯ ಪಾತ್ರೆಯನ್ನು ಒಂದು ಸಲ, ಇಬ್ಬರು ಬೇರೇನೋ ಮಾತಾಡುವಾಗ, ಚೌಕಟ್ಟಿನ ಮೂಲೆಯಲ್ಲಿ ಎರಡು ಸೆಕೆಂಡು ತೋರಿಸಿ ಬಿಡಿ. ಅದು ಫೋಕಸ್ಸಿನಲ್ಲಿರಬೇಕು, ಬೆಳಕಿನಲ್ಲಿರಬೇಕು, ಆದರೆ ನೋಡುಗನ ಕಣ್ಣು ಆ ಹೊತ್ತಿಗೆ ಅಳುತ್ತಿರುವ ಲಕ್ಕಮ್ಮನ ಮೇಲಿರಬೇಕು. ಎಡಿಟಿಂಗ್ ಮೇಜಿನಲ್ಲಿ ಕೂತಾಗ ಜನಕ್ಕೆ ಕಾಣಲ್ವೇನೋ ಎಂಬ ಭಯ ಹುಟ್ಟುತ್ತದೆ. ಆ ಭಯಕ್ಕೆ ಸೋಲಬೇಡಿ. ಒಬ್ಬ ನೋಡುಗ ಮುಗಿದ ಮೇಲೆ ಹಿಂದಕ್ಕೆ ಹೋಗಿ ನೋಡಿ, ಅದು ಅಲ್ಲೇ ಇತ್ತು ಎಂದು ಕಂಡುಕೊಳ್ಳಬೇಕು.

ಹಂತ 9: ಎತ್ತು, ಅನುಮತಿ

ಪ್ರಾಣಿಗಳನ್ನು ಚಿತ್ರೀಕರಣಕ್ಕೆ ಬಳಸಲು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಮುಂಚಿತ ಅನುಮತಿ ಬೇಕು. 2011ರ ಕೇಂದ್ರದ ಅಧಿಸೂಚನೆ ಎತ್ತುಗಳನ್ನು ಪ್ರದರ್ಶನಕ್ಕಾಗಿ ತರಬೇತಿ ಕೊಟ್ಟು ಬಳಸಬಾರದ ಪ್ರಾಣಿಗಳ ಪಟ್ಟಿಗೆ ಸೇರಿಸಿತು. ಕರ್ನಾಟಕದ 2017ರ ತಿದ್ದುಪಡಿ ಎತ್ತಿನಗಾಡಿ ಓಟಕ್ಕೆ ದಾರಿ ಮಾಡಿತು, ಸುಪ್ರೀಂ ಕೋರ್ಟ್ 2023ರ ಮೇ ತಿಂಗಳಲ್ಲಿ ಅದನ್ನು ಎತ್ತಿಹಿಡಿಯಿತು. ಓಟಕ್ಕೆ ಕಾನೂನು ಒಪ್ಪಿದೆ ಎಂದರೆ ನಿಮ್ಮ ಕ್ಯಾಮೆರಾಕ್ಕೆ ಒಪ್ಪಿದೆ ಎಂದಲ್ಲ. ಸ್ಕ್ರಿಪ್ಟ್ ಮುಗಿದ ಕೂಡಲೇ ಮಂಡಳಿಗೆ ಬರೆಯಿರಿ, ಶೂಟಿಂಗ್ ದಿನ ಗೊತ್ತುಮಾಡುವುದು ಆಮೇಲೆ.

ಕಥೆಗೂ ಇದರಿಂದ ಒಳ್ಳೆಯದೇ ಆಗುತ್ತದೆ. ಒದೆಯುವ ಗಳಿಗೆಯನ್ನು ತೋರಿಸುವ ಅಗತ್ಯವಿಲ್ಲ: ಮೇಣದಬತ್ತಿ ಆರುವುದು, ಗಂಟೆ ಒಮ್ಮೆ ಜೋರಾಗಿ ಬಡಿದು ದೂರವಾಗುವುದು. ಓಟವನ್ನು ನೋಡುವ ಗೌಡರ ಮುಖದಲ್ಲಿ ತೋರಿಸಿ. ಎತ್ತು ಸುಮ್ಮನೆ ನಿಂತು ಮೆಲುಕು ಹಾಕುವ ಎರಡು ಮೂರು ಶಾಟ್ ಸಿಕ್ಕರೆ ಕಂತು ಆಗುತ್ತದೆ. ದೇವರಾಯನದುರ್ಗದಂಥ ಕಾಡಿನ ಜಾಗ ಬೇಕಿದ್ದರೆ ಅರಣ್ಯ ಇಲಾಖೆಯ ಅನುಮತಿ ಬೇರೆ.

ಹಂತ 10: ಗಟ್ಟಿಯಾಗಿ ಓದಿಸಿ

ಕ್ಯಾಮೆರಾ ತೆಗೆಯುವ ಮೊದಲು ಕಥೆ ಗೊತ್ತಿಲ್ಲದ ಏಳೆಂಟು ಜನರನ್ನು ಕೂರಿಸಿ ಇಡೀ ಸ್ಕ್ರಿಪ್ಟನ್ನು ಗಟ್ಟಿಯಾಗಿ ಓದಿ. ಅವರಲ್ಲಿ ದನ ಕಟ್ಟಿದವರು ಒಬ್ಬರು, ದಿನವೂ ಅಡುಗೆ ಮಾಡುವವರು ಒಬ್ಬರು, ಪತ್ತೇದಾರಿ ಕಾದಂಬರಿ ಓದಿಯೇ ಬೆಳೆದವರು ಒಬ್ಬರು ಇರಲಿ. ಪ್ರತಿ ಭಾಗದ ಕೊನೆಗೆ ನಿಲ್ಲಿಸಿ, ಯಾರ ಮೇಲೆ ಅನುಮಾನ ಎಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಬಾಯಲ್ಲಿ ಕೇಳಿದರೆ ಮೊದಲು ಮಾತಾಡಿದವರ ಹಿಂದೆ ಉಳಿದವರು ಹೋಗುತ್ತಾರೆ.

ಎರಡನೆಯ ಭಾಗಕ್ಕೇ ಹೆಚ್ಚಿನವರು ಸತ್ತವನ ಮೇಲೆ ಅನುಮಾನ ಪಟ್ಟಿದ್ದರೆ ಯಾವುದೋ ಸುಳಿವು ಜೋರಾಗಿದೆ, ಯಾವುದೆಂದು ಅವರನ್ನೇ ಕೇಳಿ. ಕೊನೆಯ ದೃಶ್ಯದಲ್ಲಿ ಯಾರಾದರೂ "ಇದನ್ನು ನಮಗೆ ಹೇಳಲೇ ಇಲ್ಲವಲ್ಲ" ಎಂದರೆ ಯಾವುದೋ ಸುಳಿವು ಪೂರ್ತಿ ಮುಚ್ಚಿಹೋಗಿದೆ. ಅವರೊಂದಿಗೆ ವಾದ ಮಾಡಬೇಡಿ, ಪುಟದ ಸಂಖ್ಯೆ ಗುರುತು ಹಾಕಿಕೊಳ್ಳಿ. ಹಂತ 2ರ ಪಟ್ಟಿ ತೆಗೆದು ಆ ಸುಳಿವಿಗೆ ಬೇರೆ ಜಾಗ ಹುಡುಕಿ, ಮುಂದಿನ ವಾರ ಬೇರೆ ಏಳೆಂಟು ಜನರಿಗೆ ಓದಿ ಹೇಳಿ. ಮೊದಲು ಕೇಳಿದವರನ್ನು ಆಗ ಕರೆಯಬೇಡಿ, ಅವರಿಗೆ ಉತ್ತರ ಗೊತ್ತು.